ಮಾಳಿಗೆಯಿಂದ ಮಾಳಿಗೆಗೆ ನಮ್ಮ ವೈರು

ನಮಗೆ ಚಿತ್ರ ಕಳಿಸುವ ಕೇಬಲ್ ಕಂಪನಿಯ ಮನುಷ್ಯ ನಮ್ಮ ಓಣಿಗೆ ಮೊದಲ ಸಲ ಬಂದಾಗ ನಾನು ಮೂಲೆ ಮನೆಯ ಮಾಳಿಗೆ ಮೇಲೆ, ನೀರಿನ ಟಾಕಿಯ ಪಕ್ಕ ಕೂತು, ಮಂಗಗಳು ಹರಿದು ಹಾಕಿದ ಕೇಬಲ್ ವೈರು ಜೋಡಿಸುತ್ತಿದ್ದೆ. ಕೈಯಲ್ಲಿ ವೈರು ಕತ್ತರಿಸುವ ಪಕ್ಕಡ, ಹಲ್ಲಿನಲ್ಲಿ ಟೇಪಿನ ತುಂಡು, ಓಢಣಿ ಸೊಂಟಕ್ಕೆ ಬಿಗಿದಿತ್ತು. ಆತ ಕೆಳಗೆ ನಿಂತು, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ಕೇಳಿದ.

“ಇಲ್ಲಿ ಕೇಬಲ್ ಮಾಲಕರು ಯಾರ್ರಿ?”

“ನಾನ ರೀ.”

“ಅಲ್ರಿ, ಮಾಲಕರು?”

ನನಗೆ ಸಿಟ್ಟು ಬರಲು ಅಷ್ಟು ಸಾಕು. ಧಾರವಾಡದಲ್ಲಿ ಹೆಣ್ಣುಮಗಳು ಸಾಲಿ ಕಲಿಸಲು ಹೊರಟರೆ ಯಾರೂ ತಿರುಗಿ ನೋಡುವುದಿಲ್ಲ, ಪಕ್ಕಡ ಹಿಡಿದು ಮಾಳಿಗೆ ಹತ್ತಿದರೆ ಮಾತ್ರ ಎರಡೆರಡು ಸಲ ಕೇಳುತ್ತಾರೆ. ಟೇಪು ಉಗಿದು ಕೆಳಗಿಳಿದೆ. ಬಿಳಿ ಅಂಗಿ, ಕೊರಳಲ್ಲಿ ಕೆಂಪು ಪಟ್ಟಿ, ಅದಕ್ಕೆ ಜೋತುಬಿದ್ದ ಗುರುತಿನ ಕಾರ್ಡು. ಮುಖ ಮಾತ್ರ ಪಾಪದ್ದು. ನಮ್ಮ ಅಂಗಡಿಗೆ ಕರೆದುಕೊಂಡು ಹೋದೆ.

ಮಾಳಮಡ್ಡಿಯ ಆ ಅಂಗಡಿ ಮೊದಲು ಅಬ್ಬಾ ರೇಡಿಯೋ ರಿಪೇರಿ ಮಾಡುತ್ತಿದ್ದ ಜಾಗ. ಈಗ ಮುಂದಿನ ಕೋಣೆಯಲ್ಲಿ ಅಬ್ಬಾರ ಕುರ್ಚಿ, ಹಿಂದಿನ ಕೋಣೆಯಲ್ಲಿ ನಮ್ಮ ಕೇಬಲ್ ಯಂತ್ರಗಳು. ಕಂಪನಿಯಾತ ಚಹಾ ಕುಡಿದ, ಚಲೋ ಅದ ಅಂದ, ಆಮೇಲೆ ಬಂದ ಕೆಲಸ ಹೇಳಿದ. ಬರುವ ತಿಂಗಳಿಂದ ನಮ್ಮ ಓಣಿಯ ಲೋಕಲ್ ಚಾನೆಲ್ ಬಂದ್. ಆ ನಂಬರಿನಲ್ಲಿ ಕಂಪನಿಯ ಸ್ವಂತ ಶಾಪಿಂಗ್ ಚಾನೆಲ್ ಬರುತ್ತದೆ.

“ಯಾಕ್ರಿ?” ಅಂದೆ.

“ನಿಮ್ಮ ನಂಬರಿಗೆ ಮಂದಿ ಭಾಳ ಬರ್ತಾರಂತ ಸರ್ವೇದಾಗ ಗೊತ್ತಾಗೇದ್ರಿ ಮೇಡಂ. ಅಂಥಾ ಚಲೋ ಜಾಗಾ ಕಂಪನಿಗೆ ಬೇಕಾಗೇದ.”

ಅಬ್ಬಾ ನನ್ನ ಮುಖ ನೋಡಿದರು. ನಾನು ಅಬ್ಬಾರ ಮುಖ ನೋಡಿದೆ. ನಗಬೇಕೋ ಜಗಳ ತೆಗೆಯಬೇಕೋ ಇಬ್ಬರಿಗೂ ತಿಳಿಯಲಿಲ್ಲ.

ಯಾಕೆಂದರೆ ನಮ್ಮದೇನು ಮಹಾ ಚಾನೆಲ್ ಅಲ್ಲ. ಯಾರದೋ ಮದುವೆಯ ವಿಡಿಯೋ ಮಧ್ಯಾಹ್ನವೆಲ್ಲ ಓಡುತ್ತದೆ, ಅದರಲ್ಲಿ ಅರ್ಧ ಹೊತ್ತು ಕಾಣುವುದು ಊಟದ ಪಂಕ್ತಿ. ಮೊಹರಮ್ಮಿನ ಹೆಜ್ಜೆ ಕುಣಿತ ಇರುತ್ತದೆ, ಗಣಪತಿ ಕಳಿಸುವುದು ಇರುತ್ತದೆ, ಮಿಶನ್ ಕಂಪೌಂಡಿನ ಚರ್ಚಿನ ಕ್ರಿಸ್‌ಮಸ್ ಹಾಡು ಇರುತ್ತದೆ. ಯಾರಾದರೂ ತೀರಿಕೊಂಡರೆ ಮಣ್ಣು ಎಷ್ಟು ಹೊತ್ತಿಗೆ ಅಂತ ಹಾಕುತ್ತೇವೆ. ಆದರೆ ಖರೇ ಹೇಳುತ್ತೇನೆ, ಮಂದಿ ಬರುವುದು ಇದ್ಯಾವುದಕ್ಕೂ ಅಲ್ಲ. ಬರುವುದು ನೀರಿಗೆ.

ಈ ಅವಳಿ ನಗರದ ಕೆಲವು ಓಣಿಗಳಿಗೆ ನಳದ ನೀರು ಹಗಲೂ ರಾತ್ರಿ ಬರುತ್ತದಂತೆ. ನಮ್ಮ ಓಣಿಗೆ ಅದು ಬಂದಾಗ ಬಂತು. ವಾಲ್ವ್ ತಿರುಗಿಸುವಾತ ತಿರುಗಿಸುವ ಮೊದಲು ನಮ್ಮ ಅಂಗಡಿಗೆ ಒಂದು ಫೋನ್ ಹೊಡೆಯುತ್ತಾನೆ. ಅಬ್ಬಾ ಒಂದೇ ಬೆರಳಿನಿಂದ ಟೈಪು ಮಾಡುತ್ತಾರೆ. ಮದುವೆ ಊಟದ ಕೆಳಗೆ ಒಂದು ಪಟ್ಟಿ ಓಡುತ್ತದೆ: ನೀರು ಬಿಟ್ಟಾರ, ಮೊದಲು ಮ್ಯಾಲಿನ ಓಣಿ, ಆಮ್ಯಾಲ ಕೆಳಗಿನ ಓಣಿ. ಹೀಗಾಗಿ ಧಾರಾವಾಹಿಯಲ್ಲಿ ಜಾಹೀರಾತು ಶುರುವಾಯಿತೋ, ಇಡೀ ಓಣಿ ನಮ್ಮ ನಂಬರು ಒತ್ತಿ ಒಂದು ಇಣುಕು ಇಣುಕಿ ವಾಪಸ್ ಹೋಗುತ್ತದೆ. ಮೊಬೈಲಿನಲ್ಲಿ ಗ್ರೂಪ್ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಅದರಲ್ಲಿ ಮುಂಜಾನೆಯ ಶುಭಾಶಯದ ಹೂವುಗಳ ಅಡಿಯಲ್ಲಿ ನೀರಿನ ಸುದ್ದಿ ಸಿಕ್ಕುವ ಹೊತ್ತಿಗೆ ನಳ ಒಣಗಿರುತ್ತದೆ. ನಮ್ಮ ಮುದುಕಿಯರ ಕೈಯಲ್ಲಿ ಇರುವುದು ಟೀವಿಯ ರಿಮೋಟು, ಮೊಬೈಲ್ ಅಲ್ಲ.

ಇದನ್ನೆಲ್ಲ ಕಂಪನಿಯಾತನಿಗೆ ಬಿಡಿಸಿ ಹೇಳಿದೆ. “ಮ್ಯಾಲಿನ ಆರ್ಡರ್ ರೀ, ನಾ ಏನ್ ಮಾಡ್ಲಿ,” ಅಂದ.

ಮೇಲೆ ಅಂದರೆ ಎಲ್ಲಿ? ಅದು ನನ್ನ ಬಹಳ ದಿನದ ಪ್ರಶ್ನೆ. ಅಬ್ಬಾ ಈ ಕೆಲಸ ಶುರು ಮಾಡಿದಾಗ ಮೇಲೆ ಅಂದರೆ ನಮ್ಮ ಮಾಳಿಗೆ. ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ, ಜಾಳಿಗೆ ಹೊಡೆಸಿ ಮಾಡಿಸಿದ ದೊಡ್ಡ ಬುಟ್ಟಿಯಂಥ ಡಿಶ್ ಅಲ್ಲಿತ್ತು. ಆಕಾಶದಿಂದ ಏನು ಬೀಳುತ್ತದೋ ಅದನ್ನು ಹಿಡಿದು ಓಣಿಗೆ ಹಂಚುತ್ತಿದ್ದರು. ಹುಬ್ಬಳ್ಳಿ ಧಾರವಾಡದಲ್ಲಿ ಆಗ ಇಂಥ ಡಿಶ್‌ಗಳು ಓಣಿಗೊಂದು. ಒಬ್ಬರಿಗೊಬ್ಬರು ಹಲ್ಲು ಮಸೆಯುತ್ತಿದ್ದರು, ಆದರೆ ಮಾಲಕರು ಯಾರು ಅಂತ ಕೇಳಿದರೆ ಎಲ್ಲರಿಗೂ ಮನೆ ತೋರಿಸಲು ಬರುತ್ತಿತ್ತು.

ಆಮೇಲೆ ಪ್ರತಿ ಮನೆಯ ಟೀವಿಗೂ ಸೆಟ್‌ಟಾಪ್ ಡಬ್ಬಿ ಬಂತು. ಚಿತ್ರ ಈಗ ದೊಡ್ಡ ಕಂಪನಿಯಿಂದ ಬರುತ್ತದೆ, ನಾವು ಮುಟ್ಟಿಸುವವರು ಅಷ್ಟೇ ಅಂದರು. ನಮ್ಮ ಡಿಶ್‌ನಲ್ಲಿ ಅಮ್ಮಿ ಮೆಣಸಿನಕಾಯಿ ಒಣಹಾಕತೊಡಗಿದಳು. ಆ ದೊಡ್ಡ ಕಂಪನಿಯನ್ನು ಅದಕ್ಕಿಂತ ದೊಡ್ಡದು ಕೊಂಡಿತು, ಅದರೊಳಗೆ ಒಂದು ಪರದೇಶದ ಕಂಪನಿ ಪಾಲು ಹಾಕಿತು, ಅದನ್ನು ಇನ್ನೊಂದು ದೇಶದ್ದು ನುಂಗಿತು. ಪ್ರತಿ ಸಲ ನಮ್ಮ ಅಂಗಡಿಯ ಫಲಕದ ಮೇಲೆ ಯಾರೋ ಬಂದು ಹೊಸ ಹೆಸರಿನ ಕಾಗದ ಅಂಟಿಸಿ ಹೋದರು. ಮಳೆಗೆ ಒಂದು ಮೂಲೆ ಎದ್ದರೆ ಕೆಳಗೆ ಹಳೆಯ ಹೆಸರು, ಅದರ ಕೆಳಗೆ ಇನ್ನೂ ಹಳೆಯದು. ಮಾಲಕನ ಮುಖ ಮಾತ್ರ ನಾವು ಒಮ್ಮೆಯೂ ನೋಡಲಿಲ್ಲ.

ಉಪ್ಪಿನಬೆಟಗೇರಿಯಲ್ಲಿ ನನ್ನ ಮಾಮೂ ಕೂಡ ಕೇಬಲ್ ನಡೆಸುತ್ತಿದ್ದ. ಲೈನು ಕಂಪನಿಗೇ ಬಿಟ್ಟುಕೊಟ್ಟು ಈಗ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದಾನೆ. ಅವನು ಫೋನಿನಲ್ಲಿ, “ಬಿಟ್ಟ ಬಿಡು ಬೇಟಿ, ಆನಿ ಕೂಡ ಏನ್ ಕುಸ್ತಿ ಹಿಡೀತಿ,” ಅಂದ. ಅವನ ಮೇಲೆ ನನಗೆ ಪ್ರೀತಿ ಬಹಳ, ಆದರೆ ಆ ಹೊತ್ತಿಗೆ ಫೋನು ಎತ್ತಿ ಒಗೆಯಬೇಕು ಅನ್ನಿಸಿತು.

ಬಿಡುವ ಹಾಗಿದ್ದರೆ ಬಿಡೋಣ, ಮೊದಲು ಇನ್ನೊಂದು ಕಂಪನಿಗೆ ಹೋಗೋಣ ಅಂದುಕೊಂಡೆ. ಹುಬ್ಬಳ್ಳಿಯಲ್ಲಿ ಇವರಿಗೆ ಎದುರಾಳಿಯಾದ ಕೇಬಲ್ ಕಂಪನಿಯ ಆಫೀಸು ಇತ್ತು. ಒಳ್ಳೆಯ ಸೀರೆ ಉಟ್ಟು, ಬಸ್ಸು ಹತ್ತಿ, ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡು ಹೋದೆ. ತಂಪು ಗಾಳಿಯ ಕೋಣೆಯಲ್ಲಿ ಕೂರಿಸಿದರು. ಬಾಗಿಲು ತೆಗೆದು ಒಳಗೆ ಬಂದವನು ಅದೇ ಪಾಪದ ಮುಖದವನು. ಕೊರಳಲ್ಲಿ ಪಟ್ಟಿ ಮಾತ್ರ ನೀಲಿ.

ನಾನು ಕೂತಲ್ಲಿಂದ ಎದ್ದೆ.

“ನೀವು ಆ ಕಂಪನಿಯವರಲ್ರಿ?” ಅಂದೆ.

“ಅದೂ ನಾನ ರೀ. ಎರಡೂ ಕೂಡ್ಯಾವ.”

“ಹಂಗಾರ ನಮ್ಮ ಮಂದಿ ಮನಿ ಮ್ಯಾಲ ಸಣ್ಣ ಡಿಶ್ ಹಚ್ಚಿಸಿಕೊಳ್ಳಲಿ.”

“ಅದರಾಗೂ ಅವರದ ಪಾಲು ಅದ ರೀ,” ಅಂದ, ನೆಲ ನೋಡುತ್ತ.

“ಧಾರಾವಾಹಿ ಬರೋ ಚಾನೆಲ್ಲು?”

ಅದೂ ಅವರದೇ ಅನ್ನುವಂತೆ ಅವನು ತಲೆ ಆಡಿಸಿದ. ಸುದ್ದಿಯ ಚಾನೆಲ್ ಕೇಳಿದೆ, ಅದಕ್ಕೂ ತಲೆ ಆಡಿಸಿದ. ಮಾಲಕರು ಯಾವ ಊರಾಗಿರ್ತಾರ ಅಂದೆ. “ನನಗೂ ಗೊತ್ತಿಲ್ರಿ ಮೇಡಂ, ಎಲ್ಲೋ ಪರದೇಶದಾಗ. ನಮ್ಮ ಪಗಾರದ ಮೆಸೇಜ್ ಬರ್ತದ, ಅಷ್ಟ,” ಅಂದ. ಸುಳ್ಳು ಹೇಳುವ ಮುಖ ಅದಲ್ಲ.

ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತೆ. ದುಃಖದ ಅಳು ಅಲ್ಲ, ಹೊಟ್ಟೆ ಉರಿದು ಬಂದ ಅಳು. ಕಾರ್ಯಕ್ರಮ ಮಾಡುವವನೂ ಆ ಮುಖ ಕಾಣದ ಮಾಲಕನೇ, ಮನೆಗೆ ತರುವವನೂ ಅವನೇ, ಬೇಡ ಅಂದರೆ ನಾನು ಹೋಗಬೇಕಾದ ಇನ್ನೊಂದು ಅಂಗಡಿಯೂ ಅವನದೇ. ಆತನಿಗೆ ಇಷ್ಟು ಸಾಲದೆ ನಮ್ಮ ನೀರಿನ ಪಟ್ಟಿಯೂ ಬೇಕಾಯಿತಲ್ಲ! ನವಲೂರು ದಾಟುವ ಹೊತ್ತಿಗೆ ಕಣ್ಣು ಒಣಗಿತ್ತು. ಕೊಡುವುದಿಲ್ಲ ಅಂತ ನಿಶ್ಚಯ ಮಾಡಿದ್ದೆ. ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ಹೇಳಿದಂತೆಯೇ ತಿಂಗಳು ಹುಟ್ಟಿದಾಗ ಚಾನೆಲ್ ಹೋಯಿತು. ಓಣಿ ಎಂದಿನಂತೆ ಜಾಹೀರಾತಿನ ನಡುವೆ ನಮ್ಮ ನಂಬರು ಒತ್ತಿತು, ಅಲ್ಲಿ ಒಬ್ಬಳು ಮಿಕ್ಸರ್ ಮಾರುತ್ತಿದ್ದಳು. ನೀರಿನ ಸುದ್ದಿ ಇಲ್ಲ. ಅವತ್ತೇ ನೀರು ಬಂದು ಹೋಯಿತು. ಮೂಲೆ ಮನೆಯ ಅಜ್ಜಿ ಸಂಜೆ ಅಂಗಡಿಗೆ ಬಂದು, “ಮಿಕ್ಸರ್‌ನ್ಯಾಗ ಏನ ರುಬ್ಬಲಿ ಹೇಳು, ಮನ್ಯಾಗ ಒಂದ ಹನಿ ನೀರಿಲ್ಲ,” ಅಂತ ನನ್ನ ಮೇಲೇ ಹರಿಹಾಯ್ದಳು. ನಡೆದದ್ದನ್ನೆಲ್ಲ ಹೇಳಿದೆ. ಪೂರಾ ಕೇಳಿಸಿಕೊಂಡು ಎದ್ದು ಹೋದಳು.

ಈ ಅಜ್ಜಿಯ ಮಾಳಿಗೆಯ ವಿಷಯ ಹೇಳಲೇಬೇಕು. ಅಬ್ಬಾ ಲೈನು ಎಳೆದಾಗ ಕಂಬ ನಮ್ಮದಲ್ಲ, ರಸ್ತೆ ನಮ್ಮದಲ್ಲ. ಇದ್ದದ್ದು ಮಂದಿಯ ಮಾಳಿಗೆ. ಒಂದೊಂದೇ ಮನೆಯ ಬಾಗಿಲಿಗೆ ನಿಂತು ಕೇಳಿ, ಟಾಕಿಗೊಂದು ಗಂಟು, ತೆಂಗಿನ ಮರಕ್ಕೊಂದು ಗಂಟು ಹಾಕಿ ಓಣಿ ದಾಟಿಸಿದರು. ಎಲ್ಲ ಲೈನು ಕೂಡುವುದು ಅಜ್ಜಿಯ ಮಾಳಿಗೆಯಲ್ಲಿ. ಅದಕ್ಕೆ ಬದಲಾಗಿ ಪ್ರತಿ ರಮಜಾನ್ ಹಬ್ಬಕ್ಕೆ, ವೈರು ಹಾಯ್ದ ಪ್ರತಿ ಮನೆಗೂ ನಮ್ಮ ಮನೆಯಿಂದ ಶಾವಿಗೆಯ ಸುರಕುಂಬಾ ಹೋಗುತ್ತದೆ. ನಮ್ಮ ಕೈಯಡುಗೆ ಉಣ್ಣದ ಮನೆಗಳಿಗೆ ಶಾವಿಗೆ, ಸಕ್ಕರೆ, ಉತ್ತತ್ತಿ ಬೇರೆ ಬೇರೆ ಪೊಟ್ಟಣ ಕಟ್ಟಿ ಕಳಿಸುತ್ತೇವೆ. ಅವರು ತಮ್ಮ ಒಲೆಯ ಮೇಲೆ ಪಾಯಸ ಮಾಡಿಕೊಳ್ಳುತ್ತಾರೆ. ನನಗೆ ಈ ಪೊಟ್ಟಣಗಳನ್ನು ಕಂಡರೆ ಚಿಕ್ಕಂದಿನಿಂದ ಮೈ ಉರಿಯುತ್ತಿತ್ತು. ನಮ್ಮ ಗಂಗಾಳದ್ದು ಯಾಕೆ ಬೇಡ ಅಂತ ಕೇಳಿದ್ದೆ. ನಮ್ಮ ಮನೆಮಾತು ಉರ್ದು, ಆದರೆ ಅಬ್ಬಾ ಗದರಿಸುವುದು ಕನ್ನಡದಲ್ಲಿ. “ಅವರು ಮಾಳಿಗಿ ಕೊಟ್ಟಾರ. ಎಲ್ಲಿ ಕುದಿಸಿದರೇನು, ಶಾವಿಗಿ ನಮ್ಮದ,” ಅಂದಿದ್ದರು. ಆ ಉತ್ತರ ನನಗೆ ಆಗಲೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ. ಆದರೆ ಅಜ್ಜಿ ಪ್ರತಿ ವರ್ಷ ಆ ಪಾಯಸದಲ್ಲಿ ಒಂದು ತಂಬಿಗೆ ನಮ್ಮ ಮನೆಗೆ ವಾಪಸ್ ಕಳಿಸುತ್ತಾಳೆ, ಅದನ್ನು ನಾನು ಬಿಡದೆ ಕುಡಿಯುತ್ತೇನೆ.

ನಾನು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಮಾಡುತ್ತಿದ್ದ ಕಂಪನಿಯ ಬಿಲ್ಲು ವಸೂಲಿ ನಿಲ್ಲಿಸಿಬಿಟ್ಟೆ. ಚಾನೆಲ್ ಬಂದ ಮೇಲೆ ವಸೂಲಿ ಅಂದೆ. ಕಂಪನಿ ಸುಮ್ಮನಿರುತ್ತದೆಯೇ? ನನ್ನನ್ನೇ ತೆಗೆದುಹಾಕಿ ನೇರ ತನ್ನ ವೈರು ಎಳೆಯಲು ಮಂದಿ ಕಳಿಸಿತು. ವೈರು ತಮ್ಮದಾದ ಮೇಲೆ ಅದು ಹಾಯುವ ದಾರಿಯೂ ತಮ್ಮದೇ ಅಂತ ಪರದೇಶದಲ್ಲಿ ಕೂತವರು ತಿಳಿದುಕೊಂಡಿದ್ದರೋ ಏನೋ. ಸುರುಳಿ ಹೆಗಲಿಗೇರಿಸಿದ ಇಬ್ಬರು ಗಂಡಸರು ಅಜ್ಜಿಯ ಹೊರ ಮೆಟ್ಟಿಲು ಹತ್ತಿದರು. ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಅಜ್ಜಿ ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

“ಯಾರನ್ನ ಕೇಳಿ ಏರಿದ್ರೆಪಾ?”

“ಕಂಪನಿ ಕಡಿಂದ ಬಂದೇವ್ರಿ ಅಜ್ಜಿ. ಇನ್ನ ಮ್ಯಾಲ ನಮ್ಮದ ವೈರು.”

“ಈ ಮಾಳಿಗಿ ಮ್ಯಾಲ ವೈರ್ ಕಟ್ಟಿದವರ ಮನಿಂದ ವರ್ಷಾ ಶಾವಿಗಿ ಬರ್ತಾವ. ನಿಮ್ಮ ಮಾಲಕ ಯಾವಾಗ ಶಾವಿಗಿ ಕಳಿಸ್ಯಾನ?”

ಅವರು ಸುರುಳಿ ಮತ್ತೆ ಹೆಗಲಿಗೇರಿಸಿದರು. ಇಳಿದು ಮುಂದಿನ ಮನೆಗೆ ಹೋದರು. ಅದು ಹಿಟ್ಟಿನ ಗಿರಣಿ ಕಾಕಾನ ಮನೆ. ಕಾಕಾ ಗಿರಣಿ ನಿಲ್ಲಿಸಿ ಹೊರಗೆ ಬಂದು, ಮೈಯೆಲ್ಲ ಹಿಟ್ಟು, “ಮಾಳಿಗಿ ಸೋರತದ್ರಿ, ಹತ್ತಬ್ಯಾಡ್ರಿ,” ಅಂದ. ಅವನ ಮಾಳಿಗೆ ಹೋದ ವರ್ಷವಷ್ಟೇ ಹೊಸದಾಗಿ ಹಾಕಿಸಿದ್ದು. ಮಿಶನ್ ಕಂಪೌಂಡಿನ ರಿಟೈರ್ಡ್ ಟೀಚರಮ್ಮ ಗೇಟು ತೆಗೆಯಲೇ ಇಲ್ಲ, ಒಳಗಿನಿಂದಲೇ, “ನಮ್ಮ ಕ್ರಿಸ್‌ಮಸ್ ಹಾಡು ತೋರಸೋ ಹಂಗಿದ್ರ ಬರ್ರಿ,” ಅಂದರು. ಹೊಸ ಅಪಾರ್ಟ್‌ಮೆಂಟಿನವರು ಮಾತ್ರ ಬಾಗಿಲು ತೆಗೆದರು, ಅವರಿಗೆ ಬೋರ್‌ವೆಲ್ ಇದೆ. ಆದರೆ ಅಪಾರ್ಟ್‌ಮೆಂಟ್ ಓಣಿಯ ತುದಿಗೆ ಇದೆ. ನಡುವಿನ ಮಾಳಿಗೆಗಳನ್ನು ಹಾರಿ ವೈರು ಅಲ್ಲಿಗೆ ಹೋಗುವುದು ಹೇಗೆ? ಇಳಿಹೊತ್ತಿಗೆ ಇಬ್ಬರೂ ಸುರುಳಿಯನ್ನು ನಮ್ಮ ಅಂಗಡಿಯ ಕಟ್ಟೆಗೆ ಇಟ್ಟು ನೀರು ಕೇಳಿದರು. ಕೊಟ್ಟೆ. ಅಬ್ಬಾ ಚಹಾನೂ ಹೇಳಿದರು.

ಇದನ್ನು ಗೆಲುವು ಅಂತ ಕರೆಯುವಷ್ಟು ಹುಚ್ಚಿ ನಾನಲ್ಲ. ಕಂಬದ ಮೇಲಿಂದ ಎಳೆಯಲು ಅವರಿಗೆ ಒಂದು ದಿನ ಪರವಾನಿಗೆ ಸಿಕ್ಕೀತು. ಮಂದಿಯೂ ಒಬ್ಬೊಬ್ಬರೇ ಮೊಬೈಲಿನಲ್ಲೇ ಎಲ್ಲ ನೋಡತೊಡಗಿದ್ದಾರೆ, ಅದರ ಮಾಲಕರೂ ಪರದೇಶದವರೇ. ಬರಲಿ. ಬಂದಾಗ ಮತ್ತೆ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತೇವೆ. ಸುಮ್ಮನೆ ಒಳಗೆ ಬಿಟ್ಟುಕೊಂಡೆವು ಅಂತ ಮಾತ್ರ ಯಾರೂ ಹೇಳಬಾರದು.

ಕೆಲವು ದಿನ ಬಿಟ್ಟು ಪಾಪದ ಮುಖದವನ ಫೋನ್ ಬಂತು. ಹಿಂದೆ ಯಾರೋ ಕೀಬೋರ್ಡ್ ಕುಟ್ಟುವ ಸಪ್ಪಳ.

“ಮೇಡಂ, ನಿಮ್ಮ ಓಣ್ಯಾಗ ವೈರೂ ಹೋಗವಲ್ದು, ಬಿಲ್ಲೂ ಬರವಲ್ದು, ಅದಕ್ಕ ನಿಮ್ಮ ಚಾನೆಲ್ ವಾಪಸ್ ಹಾಕಾಕತ್ತೇವ್ರಿ. ಹಳೇ ನಂಬರಿಗೇ. ಕಂಪ್ಯೂಟರಿನಾಗ ಮಾಲಕರ ಹೆಸರು ಕೇಳಾಕತ್ತದ, ಯಾರನ್ನ ಹಾಕಲಿ?”

ಕುರ್ಚಿಯಲ್ಲಿ ಅಬ್ಬಾ ಕಿವಿ ನಿಮಿರಿಸಿದರು. ನಾನು ನನ್ನ ಹೆಸರು ಹೇಳಲು ಬಾಯಿ ತೆರೆದೆ. ಎಷ್ಟು ವರ್ಷ ಕಾದ ಪ್ರಶ್ನೆ ಅದು! ಆದರೆ ಬಾಯಿಂದ ಬಂದದ್ದು ಬೇರೆ.

“ಬರಕೋರಿ. ಮೂಲಿ ಮನಿ ಅಜ್ಜಿ.”

“ರೀ?”

“ಹಿಟ್ಟಿನ ಗಿರಣಿ ಕಾಕಾ. ಮಿಶನ್ ಕಂಪೌಂಡ್ ಟೀಚರಮ್ಮ. ಅವರ ಬಾಜೂಕ ತೆಂಗಿನ ಗಿಡದ ಮನಿಯವರು...”

“ಮೇಡಂ, ಮೇಡಂ, ಇದರಾಗ ಒಬ್ಬರ ಹೆಸರಿಗಷ್ಟ ಜಾಗಾ ಅದ ರೀ.”

“ಅದ ನಿಮ್ಮ ಕಂಪನಿ ರೋಗ,” ಅಂದೆ. “ಜಾಗಾ ದೊಡ್ಡದು ಮಾಡ್ರಿ. ನಾ ಹೇಳಕೋಂತ ಹೋಗತೇನಿ, ನೀವು ಬರಕೋಂತ ಬರ್ರಿ.”