ಹಲ್ಲು ಕೀಳುವಾಗ ಬಿದ್ದವನು

ನನ್ನ ಹೆಂಡತಿ ದುಬೈಯ ಅಲ್ ಮುರಕ್ಕಬಾತ್‌ನ ಕ್ಲಿನಿಕ್ಕೊಂದರಲ್ಲಿ ದಂತವೈದ್ಯೆ. ನಾನು ಸಿಲಿಕಾನ್ ಓಯಸಿಸ್‌ನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವನು. ವೀಸಾ ಮೆಡಿಕಲ್‌ಗೆ ರಕ್ತ ತೆಗೆಯುವಾಗಲೂ ಗೋಡೆಯ ಕಡೆ ಮುಖ ತಿರುಗಿಸುವವನು. ಅಲ್ಲಿಯ ಕೆಲವು ವೈದ್ಯರು ಸೇರಿ ತಾಂಜಾನಿಯಾದ ಹಳ್ಳಿಯೊಂದಕ್ಕೆ ಒಂದು ವಾರದ ಉಚಿತ ಚಿಕಿತ್ಸೆಗೆ ಹೊರಟಾಗ, ಅವಳು ನನ್ನನ್ನೂ ಹೊರಡಿಸಿದಳು.

“ಅಲ್ಲಿ ನಂಗೆಂತ ಕೆಲಸ ಮಾರಾಯ್ತಿ?” ಎಂದೆ.

“ಟಾರ್ಚ್ ಹಿಡ್ಕೊಂಡು ನಿಂತ್ರೆ ಸಾಕು ರೀ. ರಜ ಹೇಗೂ ಇದೆ, ಯಲ್ಲಾ!”

ಅವಳು ಮೈಸೂರಿನವಳು, ನಾನು ಉಡುಪಿಯವನು. ನಮ್ಮ ವಾದಗಳೆಲ್ಲ ಕನ್ನಡದಲ್ಲಿ ಶುರುವಾಗಿ ಅವಳು ದುಬೈಯಲ್ಲಿ ಕಲಿತ ಅರಬ್ಬಿಯ ‘ಯಲ್ಲಾ’ದಲ್ಲಿ, ಅಂದರೆ ‘ನಡೀರಿ’ಯಲ್ಲಿ, ಮುಗಿಯುತ್ತವೆ.

ಅಲ್ಲಿಯ ಆಸ್ಪತ್ರೆಯೆಂದರೆ ತಗಡಿನ ಮಾಡಿನ ಎರಡು ಕೋಣೆ. ಸೋಲಾರ್ ಕರೆಂಟು ಲಸಿಕೆಯ ಫ್ರಿಜ್ಜಿಗೇ ಮುಗಿಯುತ್ತಿತ್ತು. ಶಾಲೆಯಿಂದ ತಂದ ಮರದ ಕುರ್ಚಿಯಲ್ಲಿ ಮೊದಲು ಬಂದು ಕೂತವರು ಒಬ್ಬ ಅಜ್ಜ. ಹೆಂಡತಿ ಇಂಜೆಕ್ಷನ್ ಕೊಟ್ಟಳು, ನಾನು ಟಾರ್ಚ್ ಹಿಡಿದೆ. ಅವಳು ಇಕ್ಕಳ ಎತ್ತಿಕೊಂಡದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಅಜ್ಜ ಪಕ್ಕದಲ್ಲಿ ಮಂಡಿಯೂರಿ, ತಮ್ಮ ಟೊಪ್ಪಿಯಿಂದ ಗಾಳಿ ಹಾಕುತ್ತಾ, ಅರ್ಧ ಮರಗಟ್ಟಿದ ಬಾಯಲ್ಲೇ “ಪೋಲೆ, ಪೋಲೆ” ಎನ್ನುತ್ತಿದ್ದರು.

“ಪಾಪ ಪಾಪ ಅಂತಿದ್ದಾರೆ,” ಎಂದು ಅಲ್ಲಿಯ ನರ್ಸ್ ನಗು ತಡೆಯುತ್ತಾ ಇಂಗ್ಲಿಷಿನಲ್ಲಿ ವಿವರಿಸಿದಳು. “ಹಲ್ಲು ಆಮೇಲೆ ಕಿತ್ತರಾಯಿತು, ಮೊದಲು ಇವರನ್ನು ನೋಡಿ ಅಂತ ಡಾಕ್ಟರಿಗೇ ಹೇಳುತ್ತಿದ್ದಾರೆ.”

“ಅಯ್ಯೋ, ಮರಗಟ್ಟಿದ್ದು ಇಳಿದುಹೋಗತ್ತೆ, ಅಜ್ಜನಿಗೆ ಕೂತ್ಕೊಳ್ಳೋಕೆ ಹೇಳಿ!” ಎಂದು ಹೆಂಡತಿ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದಳು. ನಾನು ಒಂದು ಲೋಟ ಸಿಹಿ ಚಹಾ ಕುಡಿದು ಮುಗಿಸುವವರೆಗೂ ಅಜ್ಜ ಕುರ್ಚಿಗೆ ಮರಳಲಿಲ್ಲ.

ಅಂದಿನಿಂದ ಟಾರ್ಚು ನರ್ಸಿನ ಪಾಲಾಯಿತು. ನನ್ನನ್ನು ಹೊರಗೆ ಜಗಲಿಯಲ್ಲಿ ಚೀಟಿ ಕೊಡಲು ಕೂರಿಸಿದರು. ಮರುದಿನ ಬೆಳಿಗ್ಗೆ ಅಜ್ಜ ಮತ್ತೆ ಬಂದರು, ನೋವೇನೂ ಇರಲಿಲ್ಲ. ನನ್ನ ಪಕ್ಕದಲ್ಲೇ ಕೂತು, ಸಾಲಿನಲ್ಲಿ ಹೆದರಿ ನಿಂತವರಿಗೆಲ್ಲ ನನ್ನನ್ನು ತೋರಿಸಿ ಕತೆ ಹೇಳತೊಡಗಿದರು. ಕೈ ನಡುಗಿಸಿ, ಕಣ್ಣು ಮೇಲೆ ಮಾಡಿ, ಥೇಟ್ ನನ್ನ ಹಾಗೆಯೇ ಕುಸಿಯುವ ಅಭಿನಯ ಬೇರೆ. ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ದಿನ ಇಕ್ಕಳ ನೋಡಿ ಓಡಿಹೋಗಿದ್ದ ಹೆಂಗಸೊಬ್ಬಳು ಇದನ್ನು ಕೇಳಿ ತಾನಾಗಿಯೇ ಒಳಗೆ ಹೋದಳು.

ಮೊದಲೆರಡು ಸಲ ನನಗೆ ನಾಚಿಕೆಯಾಯಿತು. ಮೂರನೆಯ ದಿನ, ಕತೆ ಆ ಘಟ್ಟಕ್ಕೆ ಬಂದಾಗ, ನಾನೇ ಎದ್ದು ನಿಂತು ಧೊಪ್ಪನೆ ಬಿದ್ದು ತೋರಿಸಿದೆ. ಅಜ್ಜ ಚಪ್ಪಾಳೆ ತಟ್ಟಿದರು. ಒಳಗಿನಿಂದ ಹೆಂಡತಿ, “ರೀ, ಈ ಸಲ ನಿಜವಾಗ್ಲೂ ಬಿದ್ರಾ?” ಎಂದು ಕೂಗಿದಳು.

ಹೊರಡುವ ದಿನ ಅಜ್ಜ ಸೈಕಲ್ ಪಂಪಿನೊಂದಿಗೆ ಹಾಜರಾದರು. ಸೈಕಲ್ ರಿಪೇರಿ ಅವರ ಕಸುಬೆಂದು ನನಗೆ ತಿಳಿದದ್ದೇ ಆಗ. ನಮ್ಮ ಜೀಪಿನ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ, ಗಾಳಿ ಸಾಲದೆಂಬಂತೆ ತಲೆಯಾಡಿಸಿ, ಆ ಪುಟ್ಟ ಪಂಪಿನಿಂದಲೇ ಗಾಳಿ ಹೊಡೆಯತೊಡಗಿದರು. ಡ್ರೈವರ್ ಗಡಿಯಾರ ನೋಡಿದ. ನಾನೂ ಹೆಂಡತಿಯೂ ಜೀಪಿನಿಂದ ಇಳಿದು, ಸರದಿಯಂತೆ ಪಂಪ್ ಒತ್ತಿದೆವು.