ತಟ್ಟೆ ನೀರಿನ ಹಸಿರು ಎಳೆಗಳು

ಕೆರೆ ನದಿಗಳ ನೀರಿನಲ್ಲಿ ಬೆರೆತ, ಬರಿಗಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳನ್ನು ಎಣಿಸುವ ವಿದ್ಯೆಯಲ್ಲಿ ನಮ್ಮ ಪ್ರಾಧ್ಯಾಪಕರದು ಎತ್ತಿದ ಕೈ. ಮೂವತ್ತೊಂದು ವರ್ಷ ನೀರನ್ನು ಸೋಸಿ ಸೋಸಿ, ವಿದ್ಯಾರ್ಥಿಗಳ ಬಾಯಲ್ಲಿ ‘ಜರಡಿ ಮೇಷ್ಟ್ರು’ ಎನಿಸಿಕೊಂಡ ಈ ಹಿರಿಯರು ಈಗ ನಿವೃತ್ತರಾಗುತ್ತಿದ್ದಾರೆ.

ಅವರ ಪ್ರಯೋಗಾಲಯದಲ್ಲಿ ಹತ್ತಿಬಟ್ಟೆಯಲ್ಲದೆ ಬೇರೆ ಬಟ್ಟೆಗೆ ಪ್ರವೇಶವಿರಲಿಲ್ಲ. ಉಡುಪಿನಿಂದ ಉದುರುವ ಎಳೆಯೂ ಪ್ಲಾಸ್ಟಿಕ್ಕೇ ಆಗಿದ್ದರೆ ಎಣಿಕೆ ಕೆಡುತ್ತದೆ. ಒಮ್ಮೆ ನಿರ್ದೇಶಕರನ್ನೇ, ಅವರ ಹೊಳೆಯುವ ಕೋಟಿನ ಸಮೇತ, ಬಾಗಿಲಿನಿಂದಲೇ ಸಾಗಹಾಕಿದ್ದರು. ಅಷ್ಟಾದರೂ ಗಾಳಿಯನ್ನು ನಂಬದೆ, ಮೇಜಿನ ಮೇಲೆ ಶುದ್ಧ ನೀರಿನ ತಟ್ಟೆಯೊಂದನ್ನು ದಿನವೂ ತೆರೆದಿಡಿಸುತ್ತಿದ್ದರು. ಸಂಜೆ ಅದರಲ್ಲಿ ಬಿದ್ದದ್ದನ್ನು ಎಣಿಸಿ ಕೆರೆಯ ಲೆಕ್ಕದಿಂದ ಕಳೆಯುವುದು ಈ ಲೇಖನ ಬರೆಯುತ್ತಿರುವ ಶಿಷ್ಯೆಯ ಕೆಲಸ. ಅವಳು ಜ್ವರದಿಂದ ಮಲಗಿದಾಗ ಅವಳ ಪಾಲಿನ ಎಣಿಕೆಯನ್ನೂ ತಾವೇ ಮುಗಿಸಿ, ಅವಳ ಹೆಸರನ್ನೇ ಬರೆದಿಟ್ಟ ಗುರುಗಳು ಅವರು.

ಅವಳು ಸೇರಿದ ವರ್ಷವೇ ತಟ್ಟೆಯಲ್ಲಿ ಹಸಿರು ಎಳೆಗಳು ಕಂಡವು, ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು. ಗಂಡನನ್ನು ಕೆಲಸದಿಂದ ಊಟಕ್ಕೆ ಎಬ್ಬಿಸಲು ಮಧ್ಯಾಹ್ನ ಒಳಗೇ ಬಂದು ನಿಲ್ಲುತ್ತಿದ್ದ ಪ್ರಾಧ್ಯಾಪಕರ ಪತ್ನಿ, ನಮ್ಮ ಮೇಡಂ ಅವರ ಸಿಂಥೆಟಿಕ್ ಶಾಲಿನ ಎಳೆಗಳವು.

“ಸರ್, ಇವು ಮೇಡಂ ಶಾಲಿಂದು,” ಎಂದು ಶಿಷ್ಯೆ ಅಳುಕುತ್ತಲೇ ಹೇಳಿದಳು.

“ಗೊತ್ತಮ್ಮಾ. ಲೆಕ್ಕದಿಂದ ಕಳೆದುಬಿಡು. ಬರಬೇಡ ಅಂತ ಅವಳಿಗೆ ಹೇಳೋಕೆ ನನಗೆ ಬಾಯೇ ಬರಲ್ಲ.”

ಮೂರು ವರ್ಷಗಳ ಹಿಂದೆ ಮೇಡಂ ತೀರಿಕೊಂಡರು. ಎಳೆಗಳು ಮಾತ್ರ ಕಪಾಟಿನ ಮೇಲಿಂದ, ಪರದೆಯ ಮಡಿಕೆಯಿಂದ ಉದುರುತ್ತಲೇ ಇದ್ದವು: ಮೊದಮೊದಲು ದಿನಕ್ಕೆ ಆರು, ಆಮೇಲೆ ಎರಡು, ಆಮೇಲೆ ಒಂದು. ಗೋಡೆಗೆ ಬಣ್ಣ ಬಳಿಯಲು ಬಂದವರನ್ನು ಪ್ರಾಧ್ಯಾಪಕರು ಎರಡು ಸಲ ವಾಪಸು ಕಳಿಸಿದರು. ಸಂಜೆ ಕೈ ತೊಳೆಯುತ್ತ, ಏನೂ ಅಲ್ಲವೆಂಬಂತೆ, “ಹಸಿರು ಎಷ್ಟು?” ಎಂದು ಕೇಳುವರು. ಒಂದು ಎಂದರೂ ಸಾಕು, ಮುಖ ಅರಳುತ್ತಿತ್ತು. ಸೊನ್ನೆ ಎನ್ನಬೇಕಾದ ದಿನ ಬಾರದಿರಲಿ ಎಂದು ಶಿಷ್ಯೆ ಬೇಡಿಕೊಳ್ಳುತ್ತಿದ್ದಳು.

ಹೋದ ತಿಂಗಳು ಆ ದಿನ ಬಂದಿತು. ಅವಳು ಎಣಿಕೆಯ ಪುಸ್ತಕದಲ್ಲಿ ‘ಒಂದು’ ಎಂದು ಬರೆದಳು. ಆ ಪುಸ್ತಕದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು.

ಪ್ರಾಧ್ಯಾಪಕರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಹುಡುಕಿದರು. ಆಮೇಲೆ ಅವಳ ಅಂಕಿಯನ್ನು ಹೊಡೆದುಹಾಕಿ, ಸೊನ್ನೆ ಬರೆದು, ಸಹಿ ಮಾಡಿದರು. ಗದರಲಿಲ್ಲ.

“ಇಲ್ಲದ್ದನ್ನ ಎಣಿಸಬಾರದಮ್ಮಾ,” ಎಂದರು. ಪುಸ್ತಕ ಮುಚ್ಚಿ, “ನಾಳೆನೂ ತಟ್ಟೆ ಇಡ್ತೀಯಲ್ಲ?” ಎಂದರು.

ಗುರುಗಳು ನೂರ್ಕಾಲ ಬಾಳಲಿ, ಇನ್ನೂ ಎಷ್ಟೋ ಕೆರೆಗಳ ನೀರನ್ನು ಅಳೆಯಲಿ ಎಂದು ಹಾರೈಸುವ ಶಿಷ್ಯೆ ದಿನವೂ ತಟ್ಟೆ ಇಡುತ್ತಿದ್ದಾಳೆ. ಸಂಜೆ ಅವರು ಈಗಲೂ ಕೇಳುತ್ತಾರೆ. ಅವಳು ನಿಜವನ್ನೇ ಹೇಳುತ್ತಾಳೆ.