ಬೇಡ ಅನ್ನಿಸಿಕೊಳ್ಳಲು ಬರುತ್ತಿದ್ದ ಟೀಚರ್

ಟೀಚರ್ ಕೈಯಲ್ಲಿ ಕಿರುಬೆರಳೊಂದೇ ಮೆತ್ತಗಿತ್ತು. ಉಳಿದ ಬೆರಳುಗಳ ತುದಿಗಳು ಜಡ್ಡುಗಟ್ಟಿ, ಹಳದಿಗೆ ತಿರುಗಿ, ಒಣಗಿದ ಅವರೆಕಾಳಿನಷ್ಟು ಗಟ್ಟಿಯಾಗಿದ್ದವು. ಆಸ್ಪತ್ರೆ ಕ್ಯಾಂಟೀನಿನಲ್ಲಿ ನಾವೆಲ್ಲ ಕರ್ಚೀಫು ಸುತ್ತಿ ಹಿಡಿಯುತ್ತಿದ್ದ ಟೀ ಲೋಟವನ್ನು ಅವರು ಬರಿಗೈಯಲ್ಲಿ ಎತ್ತುತ್ತಿದ್ದರು, ಕಿರುಬೆರಳನ್ನು ಮಾತ್ರ ದೂರ ಚಾಚಿ. ಶೋಕಿ ಅಂದುಕೊಂಡೆ. ಅಂದುಕೊಂಡು ಸುಮ್ಮನಿರುವ ಜಾತಿ ನನ್ನದಲ್ಲ, ಕೇಳಿಯೇಬಿಟ್ಟೆ.

"ಶೋಕಿ ಅಲ್ಲ ಕಣಪ್ಪ, ಅದೊಂದಕ್ಕೇ ಬಿಸಿ ತಾಗೋದು. ಹಾರ್ಪ್ ನುಡಿಸೋಕೆ ಕಿರುಬೆರಳು ಬೇಕಾಗಲ್ಲ. ಮೊದಲಿಂದ್ಲೂ ನಿರುದ್ಯೋಗಿ ಅದು" ಅಂದರು.

ಹಾರ್ಪ್ ಅಂದರೆ ಮಂಡ್ಯದಲ್ಲಿ ಎಷ್ಟು ಜನಕ್ಕೆ ಗೊತ್ತು? ಬಾಗಿದ ಮರದ ಚೌಕಟ್ಟು, ಅದರ ತುಂಬ ಮೇಲಿಂದ ಕೆಳಕ್ಕೆ ಬಿಗಿದ ತಂತಿಗಳು, ಎರಡೂ ಕೈಯಲ್ಲಿ ಮೀಟಬೇಕು. ಟೀಚರದ್ದು ಮಡಿಲಲ್ಲಿ ಕೂರುವಷ್ಟು ಚಿಕ್ಕದು. ಅವರು ಮಳವಳ್ಳಿಯಲ್ಲಿ ಹುಟ್ಟಿ, ನರ್ಸ್ ಆಗಿ ಬಹಳ ವರ್ಷ ಹೊರದೇಶದಲ್ಲಿ ದುಡಿದವರು. ಅಲ್ಲಿ ರೋಗಿಗಳ ಪಕ್ಕ ಕೂತು ಹಾರ್ಪ್ ನುಡಿಸುವವರನ್ನು ಕಂಡು ತಾವೂ ಕಲಿತಿದ್ದರು. ನಿವೃತ್ತರಾದ ಮೇಲೆ ಅದನ್ನು ಹೊತ್ತುಕೊಂಡೇ ವಾಪಸ್ ಬಂದರು. ಗುತ್ತಲಿನಲ್ಲಿ ಬಾಡಿಗೆ ಮನೆ, ಶನಿವಾರ ಅಲ್ಲಿ ಮಕ್ಕಳಿಗೆ ಪಾಠ. ಉಳಿದ ದಿನ ವಾದ್ಯವನ್ನು ಹಳೇ ರಗ್ಗಿನಿಂದ ಹೊಲಿಸಿದ ಚೀಲಕ್ಕೆ ತುರುಕಿ, ಆಟೋ ಹಿಡಿದು, ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ. "ಏನಮ್ಮಾ ಅದು, ತೊಟ್ಲಾ?" ಅಂತ ಆಟೋದವನು ಕೇಳಿದರೆ, "ಮಗೂಗಿಂತ ಜಾಸ್ತಿ ಅಳ್ತದೆ, ಗುಂಡಿ ನೋಡ್ಕಂಡು ಓಡ್ಸು" ಅನ್ನುತ್ತಿದ್ದರು. ಬಿಸಿಲಿನಿಂದ ವಾರ್ಡಿನ ಏಸಿಗೆ ಬಂದೊಡನೆ ತಂತಿಗಳ ಶ್ರುತಿ ಕೆಡುತ್ತಿತ್ತು. ಅದಕ್ಕೇ ಎಲ್ಲರಿಗಿಂತ ಮೊದಲು ಬಂದು, ಮೂಲೆಯಲ್ಲಿ ಕೂತು, ಒಂದೊಂದೇ ತಂತಿಯ ಕಿವಿ ಹಿಂಡುತ್ತಿದ್ದರು.

ಆ ವಾರ್ಡಿಗೆ ನಾನು ಹೋಗುತ್ತಿದ್ದದ್ದು ನನ್ನ ಅಜ್ಜಿಯ ಜೊತೆ. ಯಲಿಯೂರಿನ ಅಜ್ಜಿ. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಮೆಷೀನಿಗೆ ಕೈ ಕೊಟ್ಟು ಮಲಗಬೇಕು. ದಪ್ಪ ಸೂಜಿ, ಮೀನಖಂಡ ಹಿಡಿದುಕೊಳ್ಳುವ ನೋವು, ಕುಡಿಯುವ ನೀರಿಗೂ ಅಳತೆ. ಹೋಗದಿದ್ದರೆ ಏನಾಗುತ್ತದೆ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಾಗಿದ್ದೂ ಒಂದು ಬೆಳಿಗ್ಗೆ ಅಜ್ಜಿ ಜಗಲಿ ಮೇಲೆ ಕೂತವರು ಏಳಲಿಲ್ಲ.

"ನಾನಿನ್ನು ಓಗಾಕಿಲ್ಲ ಕಣ್ಲಾ. ಸಾಕು."

ನಾನು ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಯಾವುದನ್ನು ಕೊಟ್ಟರೂ ಗೆದ್ದು ಬರುತ್ತಿದ್ದವನು. ಮನೆಯ ಗಾಜಿನ ಬೀರುವಿನಲ್ಲಿ ಗೆದ್ದ ಕಪ್ಪುಗಳಿಗೆ ಜಾಗ ಸಾಲದೆ ಅಮ್ಮ ಪಿಂಗಾಣಿ ತಟ್ಟೆಗಳನ್ನು ಅಟ್ಟಕ್ಕೆ ಹಾಕಿದ್ದಳು. ಅಜ್ಜಿಯ ಮುಂದೆ ನಿಂತು ವಾದ ಹೂಡಿದೆ. ಇದು ಹೀಗೆ, ಆದ್ದರಿಂದ ಅದು ಹಾಗೆ, ಒಂದು ವೇಳೆ ಹೀಗಲ್ಲ ಅಂದರೂ... ಅಜ್ಜಿ ಎಲ್ಲ ಕೇಳಿಸಿಕೊಂಡರು.

"ಬಾಯಿ ಬಡ್ಕಂಡು ಕಪ್ಪು ತಂದ್ ಮಡಗಿದೀಯಲ್ಲ, ಅದ್ರಲ್ಲಿ ತುಂಬ ನೀರು ತಂದ್ ಕೊಡು. ಕುಡೀತೀನಿ. ಆಗ ನೀನ್ ಗೆದ್ದೆ."

ನೀರು ಕೊಡುವ ಹಾಗಿಲ್ಲ. ಆವತ್ತು ಅಮ್ಮ ಅತ್ತು, ಅಪ್ಪ ಗದರಿ, ಅಂತೂ ಎಬ್ಬಿಸಿಕೊಂಡು ಹೋದೆವು. ಅದೇ ದಿನ ಟೀಚರ್ ನಮ್ಮ ಮಂಚದ ಹತ್ತಿರ ಮೊದಲ ಸಲ ಬಂದದ್ದು.

ಸ್ಟೂಲು ಹಾಕಿಕೊಂಡರು, ಕೂರಲಿಲ್ಲ. "ಅವ್ವಾ, ಸ್ವಲ್ಪ ಹೊತ್ತು ಇದನ್ನ ನುಡಿಸ್ತೀನಿ. ಬೇಕಾ, ಬ್ಯಾಡ್ವಾ?"

"ಬ್ಯಾಡ. ಓಗಮ್ಮ ನಿನ್ ತಂತಿ ತಕಂಡು."

"ಸರಿ ಕಣವ್ವ." ಅಷ್ಟೇ. ಸ್ಟೂಲು ಎತ್ತಿಕೊಂಡು ಪಕ್ಕದ ಮಂಚಕ್ಕೆ ಹೋದರು. ಬೇಸರವಿಲ್ಲ, ಓಲೈಸುವುದಿಲ್ಲ, ಒಂದೇ ಒಂದು ನಿಮಿಷ ಅನ್ನುವುದಿಲ್ಲ. ಅಜ್ಜಿ ಅವರ ಬೆನ್ನನ್ನೇ ನೋಡುತ್ತಿದ್ದರು. "ಏನ್ಲಾ ಇವಳು, ಓಗೇಬುಟ್ಲು?"

ನನಗೆ ಮಾತ್ರ ಅನುಮಾನ. ಸಂಗೀತದಿಂದ ರೋಗ ವಾಸಿ ಅನ್ನುವವರನ್ನು ವೇದಿಕೆ ಮೇಲೆ ಸಾಕಷ್ಟು ಕಂಡಿದ್ದೆ. ಎದುರಾಳಿ ತಂಡದ ಅಂಥವರನ್ನು ಸೋಲಿಸಿಯೂ ಇದ್ದೆ. ಕ್ಯಾಂಟೀನಿನಲ್ಲಿ ಅಡ್ಡ ಹಾಕಿದೆ. "ಇದರಿಂದ ಗುಣ ಆಗತ್ತೆ ಅನ್ನೋಕೆ ಪುರಾವೆ ಏನಿದೆ ಟೀಚರ್?"

"ಗುಣ ಆಗತ್ತೆ ಅಂದೋರು ಯಾರು? ಕೆಲವರಿಗೆ ನಿದ್ದೆ ಬರತ್ತೆ. ಕೆಲವರಿಗೆ ತಲೆನೋವು ಬರತ್ತೆ. ಕಿಡ್ನಿ ಅಂತೂ ವಾಪಸ್ ಬರಲ್ಲ."

"ಮತ್ತೆ ಯಾಕೆ ನುಡಿಸ್ತೀರ?"

ಅವರು ಲೋಟ ಕೆಳಗಿಟ್ಟರು. "ಒಳಗೆ ಮಲಗಿರೋರು ಏನಕ್ಕೆ ಬ್ಯಾಡ ಅನ್ಬೋದು, ಹೇಳು. ಸೂಜಿಗಾ? ಮೆಷೀನಿಗಾ? ಉಪ್ಪಿಲ್ಲದ ಊಟಕ್ಕಾ? ಬ್ಯಾಡ ಅಂದ್ರೆ ಎದ್ದು ಹೋಗೋ ಅಂಥದ್ದು ಒಂದಾದ್ರೂ ಇರ್ಲಿ ಅವರ ಹತ್ರ. ಆ ಒಂದು ನಾನು. ಬೇಕು ಅಂದೋರಿಗೆ ನುಡಿಸ್ತೀನಿ, ಬ್ಯಾಡ ಅಂದೋರಿಗೆ ಎದ್ದು ಹೋಗ್ತೀನಿ. ಎರಡೂ ನನ್ ಕೆಲಸಾನೇ."

ಇಷ್ಟು ಹೇಳಿ ನಕ್ಕರು. "ಅದಕ್ಕೇ ಊರಿಗೆ ಬಂದೆ. ಅಲ್ಲಿ ಎಲ್ಲರೂ ಮರ್ಯಾದೆಗೆ ಥ್ಯಾಂಕ್ಯೂ ಅನ್ನೋರು. ಇಷ್ಟ ಆಯ್ತೋ ಇಲ್ವೋ ಗೊತ್ತೇ ಆಗ್ತಿರ್ಲಿಲ್ಲ. ನಮ್ಮೋರು ಹಂಗಲ್ಲ. ತಲೆ ಚಿಟ್ಟಿಡೀತದೆ ನಿಲ್ಸಮ್ಮೋ ಅಂತಾರೆ. ಇದಕ್ಕಿಂತ ಒಳ್ಳೆ ಪರೀಕ್ಷೆ ಎಲ್ಲಿ ಸಿಗತ್ತೆ?"

ನನಗೆ ಇರಿಸುಮುರಿಸು. ಎದುರಾಳಿ ನನಗಿಂತ ಹೆಚ್ಚು ಅನುಮಾನದವಳಾದರೆ ಏನು ಮಾಡಬೇಕು ಅಂತ ಯಾವ ಸ್ಪರ್ಧೆಯೂ ಕಲಿಸಿರಲಿಲ್ಲ. ಆದರೂ ಬಿಡಲಿಲ್ಲ. ಮುಂದಿನ ಸಲ, ಅಜ್ಜಿ ಮತ್ತೆ ಬ್ಯಾಡ ಅಂದು ಟೀಚರ್ ಪಕ್ಕದ ಮಂಚಕ್ಕೆ ಹೋದಾಗ, ಎದ್ದು ನಿಂತು ಆಕ್ಷೇಪಿಸಿದೆ. "ಅಲ್ಲಿ ನುಡಿಸಿದ್ರೂ ಇಲ್ಲಿಗೆ ಕೇಳತ್ತಲ್ಲ? ಹಾಗಿದ್ರೆ ಬ್ಯಾಡ ಅಂದಿದ್ದಕ್ಕೆ ಏನರ್ಥ?"

ಟೀಚರ್ ಬೆರಳು ನಿಲ್ಲಿಸಿದರು. ಈ ಪ್ರಶ್ನೆ ಅವರನ್ನು ಕುಟುಕಿತು ಅನ್ನುವುದು ಮುಖದಲ್ಲೇ ಕಂಡಿತು. "ಇವನು ಹೇಳೋದು ಸರಿ. ಅವ್ವಾ, ಇನ್ನೂ ಆ ಕಡೆ ಬಾಗಿಲ ಹತ್ರ ಹೋಗ್ಲಾ?"

ಪಕ್ಕದ ಮಂಚದಲ್ಲಿದ್ದವರು ಮದ್ದೂರಿನ ನಿವೃತ್ತ ಬಸ್ ಡ್ರೈವರ್. ಅಜ್ಜಿ ಅವರ ಕಡೆ ಗದ್ದ ತೋರಿಸಿ, "ಅಲ್ಲೇ ಇರು. ಆವಯ್ಯ ಬೇಕು ಅಂದವ್ನೆ. ಅವನ್ದು ನಾನ್ಯಾಕೆ ಕಿತ್ಕಳ್ಳಿ" ಅಂದು ನನ್ನ ಕಡೆ ತಿರುಗಿದರು. "ನೀನ್ ಕುಂತ್ಕೊಳ್ಳಲಾ, ಲಾಯರ್ರು."

ಅಂದಿನಿಂದ ಜಗಲಿಯ ಜಗಳ ನಿಂತಿತು. ನಿಂತಿತು ಅಂದರೆ, ಅದರ ರೂಪ ಬದಲಾಯಿತು. ಹೊರಡುವ ದಿನ ಅಜ್ಜಿಯೇ ಸೆರಗು ಸರಿ ಮಾಡಿಕೊಂಡು, "ನಡೀರಿ, ಆ ತಂತಿಯೋಳ್ನ ಓಡ್ಸಿ ಬರವಾ" ಅನ್ನತೊಡಗಿದರು. ಇದು ಸಂಗೀತದ ಗುಣ ಅನ್ನಬೇಕೋ, ಹಟದ ಗುಣ ಅನ್ನಬೇಕೋ? ನಾನು ಇವತ್ತಿಗೂ ಎರಡೂ ಕಡೆ ವಾದ ಮಾಡಬಲ್ಲೆ.

ಡ್ರೈವರಣ್ಣ ಸಿನಿಮಾ ಹಾಡು ನುಡಿಸಿ ಅಂತ ಗೋಗರೆಯುತ್ತಿದ್ದರು. "ನಂಗೆ ಬರಲ್ಲ ಕಣಣ್ಣ" ಅನ್ನುತ್ತಿದ್ದರು ಟೀಚರ್. ಅದು ಶುದ್ಧ ಸುಳ್ಳು. ಅಷ್ಟರಲ್ಲಿ ನಾನು ಹೋಗಿಬರತೊಡಗಿದ್ದ ಗುತ್ತಲಿನ ಮನೆಯಲ್ಲಿ ತರಕಾರಿ ಹೆಚ್ಚುತ್ತ ಅವರು ಗುನುಗುತ್ತಿದ್ದದ್ದೇ ಸಿನಿಮಾ ಹಾಡು. ಅದನ್ನೂ ಎತ್ತಿ ತೋರಿಸಿದೆ. ಆಗ ಹೇಳಿದರು: ಮೊದಮೊದಲು ಒಬ್ಬ ಮುದುಕಿಗೆ ಗೊತ್ತಿದ್ದ ಹಾಡನ್ನೇ ನುಡಿಸಿದ್ದರಂತೆ. ಅದು ಆಕೆಯ ತೀರಿಹೋದ ತಮ್ಮ ಹಾಡುತ್ತಿದ್ದ ಹಾಡು. ಆಮೇಲೆ ಆ ದಿನವಿಡೀ ಆಕೆ ತಮ್ಮನನ್ನು ಕರೆಯುತ್ತಲೇ ಇದ್ದಳು. "ಗೊತ್ತಿರೋ ಹಾಡು ಒಂಟಿಯಾಗಿ ಬರಲ್ಲ ಕಣೋ. ಮನೆಮಂದೀನೆಲ್ಲ ಕರ್ಕೊಂಡು ಬಂದು ಮಂಚದ ಮೇಲೆ ಕೂತ್ಕೊಳತ್ತೆ. ಹೊಸದಕ್ಕೆ ನೆಂಟರಿಲ್ಲ."

ಅದಕ್ಕೇ ಅವರು ನುಡಿಸುತ್ತಿದ್ದದ್ದೆಲ್ಲ ಅವರೇ ಕಟ್ಟಿದ್ದು. ಎಲ್ಲೂ ಬರೆದಿಟ್ಟಿಲ್ಲ, ಮೊಬೈಲಿನಲ್ಲಿ ಹಿಡಿಯಲು ಬಿಟ್ಟಿಲ್ಲ. ಆ ವಾರ್ಡು ಮತ್ತು ಗುತ್ತಲಿನ ಮನೆ ಬಿಟ್ಟರೆ ಅವು ಜಗತ್ತಿನಲ್ಲಿ ಬೇರೆಲ್ಲೂ ಕೇಳಿರಲಿಲ್ಲ.

ಗುತ್ತಲಿನ ಮನೆಗೆ ನಾನು ಯಾಕೆ ಹೋಗತೊಡಗಿದೆ? ತಪ್ಪು ಹುಡುಕಲು. ಅದನ್ನು ಅವರಿಗೇ ಹೇಳಿದ್ದೆ. "ತಪ್ಪು ಹುಡುಕೋಕಾದ್ರೂ ಕಲೀಬೇಕಲ್ಲ, ಕೂತ್ಕೋ" ಅಂತ ಮಕ್ಕಳ ಸಾಲಿನಲ್ಲಿ ಕೂರಿಸಿದರು. ಕೆಂಪು ತಂತಿ ಷಡ್ಜ, ನೀಲಿ ತಂತಿ ಮಧ್ಯಮ. "ದಾರಿ ತಪ್ಪಿದ್ರೆ ಕೆಂಪು ತಂತಿಗೆ ಬಾ. ಅದು ನಿನ್ ಬಸ್ ಸ್ಟ್ಯಾಂಡು." ನನ್ನ ಮಂಡಿ ಸುಮ್ಮನೆ ಅಲುಗುತ್ತಿತ್ತು, ಮಡಿಲ ಮೇಲಿನ ಹಾರ್ಪೂ ಅದರ ಜೊತೆ. ಒಂದು ತಂತಿಯ ಸದ್ದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದೆ. "ಎದುರು ಪಾರ್ಟಿ ಇಲ್ಲಪ್ಪ ಇಲ್ಲಿ. ಅದು ಹೇಳೋದನ್ನ ಮುಗಿಸ್ಲಿ ಬುಡು" ಅನ್ನುತ್ತಿದ್ದರು. ಪಕ್ಕದಲ್ಲಿದ್ದ ನಾಲ್ಕನೇ ಕ್ಲಾಸಿನ ಹುಡುಗಿ ಕಿಸಕ್ಕನೆ ನಗುತ್ತಿದ್ದಳು.

ಒಂದು ಶನಿವಾರ ಮದ್ದೂರಿನ ಕಡೆ ಪ್ರಕೃತಿ ಚಿಕಿತ್ಸೆಯ ಕೇಂದ್ರ ತೆರೆಯಲು ಹೊರಟಿದ್ದ ಒಬ್ಬರು ಬಂದರು. ದೊಡ್ಡ ಹಾಲು ಕೊಡುತ್ತೇವೆ, ಬೋರ್ಡಿನಲ್ಲಿ ಬಿಪಿ, ಶುಗರ್ರು, ಕಿಡ್ನಿ ಅಂತ ಬರೆಸೋಣ ಅಂದರು. ಟೀಚರ್ ಅವರಿಗೆ ಕಾಫಿ ಕೊಟ್ಟು, "ಶುಗರ್ ಇರೋರಿಗೆ ಬಹಳ ನುಡಿಸಿದೀನಿ. ನುಡಿಸಿ ಮುಗಿಸಿದ್ ಮೇಲೂ ಶುಗರ್ ಅಲ್ಲೇ ಇತ್ತು" ಅಂದರು. ಬಂದವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ನಾನು ಚಪ್ಪಾಳೆ ತಟ್ಟಿದೆ. "ತಟ್ಟಬೇಡ, ನುಡಿಸು" ಅಂದರು.

ನನಗೆ ಕಲಿಸಿದ ರಾಗದ ಹೆಸರು 'ನಾಲೆ'. ಮೆಲ್ಲಗೆ ಹತ್ತುತ್ತ ಹೋಗಿ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ, ಮುಟ್ಟದೆ ಇಳಿದುಬಿಡುತ್ತದೆ. ನನ್ನ ಕೈ ಪ್ರತಿ ಸಲವೂ ತುದಿ ಮುಟ್ಟಿಯೇ ತೀರುತ್ತಿತ್ತು. "ಮೇಲಕ್ಕೆ ಹತ್ಸಿದ್ರೆ ಕೇಳೋರು ಉಸಿರು ಹಿಡ್ಕೊತಾರೆ. ಇಳಿಸಿದ್ರೆ ಬಿಡ್ತಾರೆ. ನೀನು ಗೆಲ್ಲೋಕೆ ಹೋಗ್ತೀಯ, ಅದಕ್ಕೇ ಮೇಲಕ್ಕೆ ಹೋಗತ್ತೆ ಕೈ" ಅಂದಿದ್ದರು. ಒಪ್ಪಲಿಲ್ಲ. ಮೇಲಕ್ಕೆ ಹೋದರೇ ಚೆನ್ನ ಅಂತ ವಾದಿಸಿದೆ.

ಅಷ್ಟರಲ್ಲಿ ಟೀಚರೇ ಹಾಸಿಗೆ ಹಿಡಿದರು. ಹೃದಯದ ತೊಂದರೆ ಮೊದಲಿಂದಲೂ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಮಳವಳ್ಳಿಯ ಅಕ್ಕನ ಮನೆಗೆ ಹೋದರು. ಅಭ್ಯಾಸಕ್ಕೆಂದು ಕೊಟ್ಟಿದ್ದ ಹಾರ್ಪ್ ನನ್ನ ಹತ್ತಿರವೇ ಉಳಿದಿತ್ತು. ಒಂದು ಮಧ್ಯಾಹ್ನ ಅದನ್ನು ಹೊತ್ತು ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ 'ನಾಲೆ'ಯನ್ನು ಅಭ್ಯಾಸ ಮಾಡುತ್ತ, ಇವತ್ತಾದರೂ ಇಳಿಸಬೇಕು, ಇಳಿಸಿ ತೋರಿಸಬೇಕು ಅಂದುಕೊಳ್ಳುತ್ತ.

ಕಿಟಕಿ ಪಕ್ಕದ ಮಂಚದ ಮೇಲೆ ಒರಗಿ ಕೂತಿದ್ದರು. ಕೈಬೆರಳ ತುದಿಯ ಜಡ್ಡು ಸಿಪ್ಪೆ ಏಳುತ್ತಿತ್ತು. ಸ್ಟೂಲು ಎಳೆದುಕೊಂಡು, ಕೂರದೆ ಕೇಳಿದೆ. "ಟೀಚರ್, ಬೇಕಾ, ಬ್ಯಾಡ್ವಾ?"

ಅವರು ಹಾರ್ಪನ್ನು ಒಂದು ಗಳಿಗೆ ನೋಡಿದರು. "ಬ್ಯಾಡ."

ನನ್ನ ಬಾಯಿಗೆ ಬಂದದ್ದು ಎಷ್ಟು! ಅಷ್ಟು ದೂರದಿಂದ ಬಂದಿದ್ದೇನೆ, ಒಂದೇ ಒಂದು ಸಲ, ನೀವೇ ಕಲಿಸಿದ್ದು. ಎಲ್ಲ ನುಂಗಿಕೊಂಡೆ. "ಸರಿ ಟೀಚರ್" ಅಂದು ಚೀಲದ ಜಿಪ್ಪು ಎಳೆದೆ. ಅವರ ಮುಖದಲ್ಲಿ ನಗು ಹರಡಿತು. "ಈಗ ಬಂತು ನೋಡು ನಿಂಗೆ. ಮನೆಗೆ ತಗೊಂಡೋಗು ಅದನ್ನ." ಆಮೇಲೆ ಕಾಲೇಜು, ರಾಜಕೀಯ, ಅಜ್ಜಿಯ ಬೈಗುಳ ಅಂತ ಸಂಜೆವರೆಗೂ ಮಾತಾಡಿದೆವು. ನಾನು ಅವರನ್ನು ನೋಡಿದ್ದು ಅದೇ ಕೊನೆ. ವಾರ ಕಳೆಯುವುದರೊಳಗೆ ಅವರ ಅಕ್ಕ ಫೋನ್ ಮಾಡಿದರು.

ಸುದ್ದಿ ಅಜ್ಜಿಗೂ ಮುಟ್ಟಿತು. ಆಸ್ಪತ್ರೆಯ ದಿನ ಬಂದಾಗ ಜಗಲಿಯಿಂದ ಏಳಲಿಲ್ಲ. "ಅಲ್ಲಿ ಯಾರವ್ರೆ ಅಂತ ಓಗ್ಲಿ?" ಆ ದಿನ ಹೋಗಲೇ ಇಲ್ಲ. ಕಾಲು ಊದತೊಡಗಿತು. ಮಾರನೆಯ ಬೆಳಿಗ್ಗೆ ಉಸಿರು ಎಳೆದೆಳೆದು ಬಿಡುತ್ತಿದ್ದರು. ಅಮ್ಮ ಮತ್ತೆ ಅಳತೊಡಗಿದಳು. ನಾನು ಜಗಲಿಯ ಉದ್ದಕ್ಕೂ ಶತಪಥ ಹಾಕಿದೆ. ವಾದಗಳೆಲ್ಲ ಇದ್ದವು, ಒಂದನ್ನೂ ಎತ್ತಲಿಲ್ಲ. ಒಳಗಿಂದ ರಗ್ಗಿನ ಚೀಲ ತಂದು ಅಜ್ಜಿಯ ಮುಂದೆ ಇಟ್ಟೆ.

"ಇವತ್ತು ನಾನೇ ಬತ್ತೀನಿ ಇದ್ನ ತಕಂಡು. ಬಂದು ಬ್ಯಾಡ ಅನ್ನು."

"ಇಲ್ಲೇ ಅಂತೀನಿ. ಬ್ಯಾಡ."

"ಇಲ್ಲಿ ಅಂದ್ರೆ ಯಾರಿಗ್ ಕೇಳ್ತದೆ? ಡ್ರೈವರಣ್ಣ ಕೇಳ್ಬೇಕು, ಸಿಸ್ಟರ್ ಕೇಳ್ಬೇಕು. ಎಲ್ರ ಮುಂದೆ ಓಡ್ಸು ನನ್ನ."

ಅಜ್ಜಿ ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಪ್ಪನ ಹೆಗಲು ಹಿಡಿದು ಎದ್ದರು.

ಮೆಷೀನು ಶುರುವಾಗಿ ಉಸಿರಾಟ ಹದಕ್ಕೆ ಬಂದ ಮೇಲೆ ಸ್ಟೂಲು ತಂದು ಕೇಳಿದೆ. ಬ್ಯಾಡ ಅಂದರು, ವಾರ್ಡಿಗೆಲ್ಲ ಕೇಳುವ ಹಾಗೆ. ಡ್ರೈವರಣ್ಣನ ಪಕ್ಕಕ್ಕೆ ಹೋಗಿ ಕೂತು 'ನಾಲೆ' ತೆಗೆದುಕೊಂಡೆ. ಒಂದೊಂದು ತಂತಿಯೂ ಹೇಳಿ ಮುಗಿಸುವವರೆಗೆ ಕಾದೆ. ಮೆಲ್ಲಗೆ ಹತ್ತಿದೆ, ಹತ್ತಿದೆ, ಕೈ ತನ್ನ ಪಾಡಿಗೆ ತಾನು ತುದಿ ಮುಟ್ಟಿಬಿಟ್ಟಿತು.

"ಅಲ್ಲಲ್ಲ!" ಪಕ್ಕದ ಮಂಚದಿಂದ ಅಜ್ಜಿಯ ದನಿ. ಕಣ್ಣು ಮುಚ್ಚಿಕೊಂಡೇ ಇದ್ದರು. "ಅಲ್ಲಿ ಇಳೀಬೇಕು ಕಣ್ಲಾ. ಅವಳು ಇಳೀತಿದ್ಲು."

ಎಲ್ಲೂ ಬರೆಯದ, ಬೇರೆಲ್ಲೂ ಕೇಳದ ರಾಗ. ಪ್ರತಿ ಸಲವೂ ಬ್ಯಾಡ ಅಂದವರಿಗೆ ಅದು ಎಲ್ಲಿ ಇಳಿಯಬೇಕು ಅಂತ ಗೊತ್ತಿತ್ತು. ಟೀಚರ್ ಹತ್ತಿರ ಕೇಳಿದ್ದ ಪುರಾವೆ ಇಷ್ಟೇ ನನಗೆ ಸಿಕ್ಕಿದ್ದು. ಇದರಿಂದ ಏನೇನು ಸಾಬೀತಾಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ತಲೆ ತಗ್ಗಿಸಿ ಕೆಂಪು ತಂತಿ ಹುಡುಕಿಕೊಂಡು ಮತ್ತೆ ಮೊದಲಿಂದ ಹಿಡಿದೆ. ಮತ್ತೆ ತಪ್ಪಿದೆ.

"ಸಾಕು, ಎತ್ತಿಡು" ಅಂದರು ಅಜ್ಜಿ. "ನಾಳಿದ್ದು ಬತ್ತೀನಲ್ಲ, ಅಷ್ಟೊತ್ಗೆ ಸರಿಯಾಗ್ ಕಲ್ತ್ಕಂಡ್ ಬಾ. ಬ್ಯಾಡ ಅನ್ನಾಕಾದ್ರೂ ಚೆಂದಾಗಿರ್ಬೇಕು."